ನಿಮಗಿದು ಗೊತ್ತೆ? ಪುಣೆ ಎತ್ತಿಗೆ ತಿಂಗಳು ತಡವಾಗಿ ಹಬ್ಬ!

ಮಹಾರಾಷ್ಟ್ರದ ಬಹುಭಾಗದಲ್ಲಿ ಎತ್ತಿನ ಹಬ್ಬ ‘ಪೋಳಾ’ ಶ್ರಾವಣ ಅಮಾವಾಸ್ಯೆಗೆ. ಪುಣೆ ಜಿಲ್ಲೆಯ ಅನೇಕ ಹಳ್ಳಿಗಳಲ್ಲಿ ಮಾತ್ರ ಭಾದ್ರಪದ ಅಮಾವಾಸ್ಯೆಗೆ. ಅದೂ ಪಿತೃಪಕ್ಷದ ಕೊನೆಯ ದಿನ! ಒಂದೆಡೆ ಹಿರಿಯರಿಗೆ ಎಡೆ, ಇನ್ನೊಂದೆಡೆ ಎತ್ತಿಗೆ ಹೋಳಿಗೆ. ನೊಗ ಹೊತ್ತು ಜಡ್ಡುಗಟ್ಟಿದ ಹೆಗಲಿಗೆ ಹಿಂದಿನ ದಿನವೇ ಅರಿಸಿನ, ತುಪ್ಪ ಹಚ್ಚಿ ನೀವುತ್ತಾರೆ. ಮರುದಿನ ಕೊಂಬಿಗೆ ಬಣ್ಣ, ಬೆನ್ನಿಗೆ ಝೂಲದ ಹೊದಿಕೆ, ದುಡಿಮೆಗೆ ಪೂರಾ ರಜೆ.

ನಮ್ಮ ಕಡೆ ಈ ಸಂಭ್ರಮ ಮುಂಗಾರು ಬಿತ್ತನೆಯ ಹೊತ್ತಿಗೆ, ಕಾರಹುಣ್ಣಿಮೆಗೇ ಮುಗಿದಿರುತ್ತದೆ. ‘ಕರಿ ಹರಿಯುವ’ ಎತ್ತಿನ ಓಟದಲ್ಲಿ ಬಿಳಿ ಎತ್ತು ಮುಂದಾದರೆ ಬಿಳಿಜೋಳ ಹುಲುಸು ಎಂಬುದು ಉತ್ತರ ಕರ್ನಾಟಕದ ನಂಬಿಕೆ. (ಸೋತ ಎತ್ತಿನ ಯಜಮಾನ ಒಪ್ಪಬೇಕಲ್ಲ!) ಮರಾಠಿ ಕ್ಯಾಲೆಂಡರುಗಳಲ್ಲಿ ಅದೇ ಹುಣ್ಣಿಮೆಗೆ ‘ಕರ್ನಾಟಕಿ ಬೆಂದೂರ’ (ಕರ್ನಾಟಕದ ಎತ್ತಿನ ಹಬ್ಬ) ಎಂದೇ ಅಚ್ಚಾಗಿರುತ್ತದೆ.