ನಿಮಗಿದು ಗೊತ್ತೆ? ಸೈಕಲ್ ಚೈನಿನ ಸವಕಳಿ

ತುಮಕೂರಿನಿಂದ ಗುಬ್ಬಿಯ ಕಡೆಗಾಗಲಿ ಕುಣಿಗಲಿನ ಕಡೆಗಾಗಲಿ ಕವಲೊಡೆದು ಸಾಗುವ ಹಳ್ಳಿಯ ಮಣ್ಣುದಾರಿಗಳಲ್ಲಿ, 2006-07ರಲ್ಲಿ ಆರಂಭವಾದ ಸರ್ಕಾರಿ ಯೋಜನೆಯಿಂದ ಎಂಟನೆಯ ತರಗತಿಯವರಿಗೆ ದೊರೆತಂತಹ ಸೈಕಲ್ಲುಗಳು ಓಡಾಡುವಾಗ, ಕೆಮ್ಮಣ್ಣಿನ ಧೂಳು ಚೈನಿನ ಎಣ್ಣೆಯೊಡನೆ ಬೆರೆತು, ಸಾಣೆಯ ಪುಡಿಯಂತೆ ಅದರ ಸಂದುಗಳನ್ನು ತೇಯತೊಡಗುತ್ತದೆ. ಆಗ ಚೈನು ಉದ್ದವಾದುದು ಕಣ್ಣಿಗೆ ಕಾಣುವುದಾದರೂ, ಉಕ್ಕಿನ ಪಟ್ಟಿಗಳು ಹಿಗ್ಗುವುದಿಲ್ಲ. ಪ್ರತಿಯೊಂದು ಪಿನ್ನೂ ಅದು ಹೊರಳುವ ರಂಧ್ರವೂ ಕೂದಲೆಳೆಯಷ್ಟಕ್ಕಿಂತ ಕಡಿಮೆ ಸವೆದು, ಆ ಸೂಕ್ಷ್ಮ ಸಡಿಲಗಳೆಲ್ಲ ಒಟ್ಟುಗೂಡುತ್ತವೆ.



ಈ ಸವಕಳಿಯ ಪರೀಕ್ಷೆಗೆ ವಿಶೇಷ ಉಪಕರಣ ಬೇಕೆಂಬುದು ನನಗೆ ಒಪ್ಪಿತವಲ್ಲ. ಶಾಲೆಯ ಒಂದಡಿ ಸ್ಕೇಲೇ ಸಾಕು. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚಿನ ಅಂತರವಿರುವುದರಿಂದ, ಚೈನನ್ನು ಬಿಗಿಯಾಗಿಸಿ ಒಂದು ಪಿನ್ನಿನ ನಡುವಿಗೆ ಸೊನ್ನೆಯನ್ನಿರಿಸಿದರೆ, ಹೊಸ ಚೈನಿನಲ್ಲಿ ಮುಂದಿನ 24ನೆಯ ಪಿನ್ನು ಸರಿಯಾಗಿ 12 ಇಂಚಿನ ಗೆರೆಯ ಮೇಲೆ ಕೂರುತ್ತದೆ. ಅದು ಗೆರೆಯನ್ನು ಇಂಚಿನ 1/16ರಷ್ಟು ದಾಟಿದೊಡನೆ ಚೈನನ್ನು ಬದಲಿಸುವುದು ವಿಹಿತ. 1/8ರಷ್ಟು ದಾಟುವವರೆಗೆ ಸುಮ್ಮನಿದ್ದವರ ಫ್ರೀವೀಲಿನ ಹಲ್ಲುಗಳೂ ಸವೆದಿರುವ ಸಂಭವವಿದ್ದು, ಹಾಗಿರುವಾಗ ಹೊಸ ಚೈನು ಹಾಕಿದರೂ ಏರುದಾರಿಯಲ್ಲಿ ಪೆಡಲು ಒತ್ತಿದಾಗ ಅದು ಜಾರುತ್ತದೆ.

ಇನ್ನೊಂದು ಮಾತು: ಧೂಳು ಮೆತ್ತಿದ ಚೈನಿಗೆ ಮೇಲಿಂದ ಮೇಲೆ ಎಣ್ಣೆ ಸುರಿಯುವುದು ಕೊಳೆಯನ್ನು ಒಳಕ್ಕೆ ಕಳುಹಿಸುವ ಕೆಲಸವೇ ಸರಿ. ಮೊದಲು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಬಳಿಕ ಪಿನ್ನಿನ ಸುತ್ತಲಿನ ಪ್ರತಿ ರೋಲರಿಗೊಂದು ಹನಿ ಬಿಟ್ಟು, ಹೊರಗೆ ಉಳಿದುದನ್ನು ಮತ್ತೆ ಒರೆಸಬೇಕು.