ವಯಸ್ಸಿನೊಂದಿಗೆ ಬದಲಾಗುವ ಸ್ನೇಹದ ಅರ್ಥ

ಬೆಳಿಗ್ಗೆ 'ಠೂ' ಬಿಟ್ಟ ಮಕ್ಕಳು ಸಂಜೆ ಮತ್ತೆ ಕೂಡಿ ಆಡುತ್ತಾರೆ. ಅವರೇ ಹದಿಹರೆಯಕ್ಕೆ ಬಂದಾಗ ಸ್ನೇಹಿತರ ಒಂದು ಮಾತಿಗೆ ವಾರಗಟ್ಟಲೆ ನೊಂದುಕೊಳ್ಳುತ್ತಾರೆ. ಈ ವ್ಯತ್ಯಾಸಕ್ಕೆ ಕಾರಣವೇನು?

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ರಾಬರ್ಟ್ ಸೆಲ್ಮನ್ ಮಕ್ಕಳೊಡನೆ ಮಾತನಾಡಿ, ಸ್ನೇಹದ ಕುರಿತ ಅವರ ತಿಳಿವಳಿಕೆಯನ್ನು ಐದು ಹಂತಗಳಾಗಿ ವಿಂಗಡಿಸಿದರು. 1980ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಇದರ ವಿವರಣೆಯಿದೆ.

ಸುಮಾರು 3ರಿಂದ 6 ವರ್ಷದವರಿಗೆ ಆ ಹೊತ್ತಿಗೆ ಜೊತೆಯಲ್ಲಿ ಆಡುವವರೇ ಸ್ನೇಹಿತರು. ಮುಂದಿನ ಹಂತದಲ್ಲಿ, ತನಗೆ ಬೇಕಾದುದನ್ನು ಮಾಡಿಕೊಡುವವರು ಸ್ನೇಹಿತರೆನಿಸುತ್ತಾರೆ. 7ರಿಂದ 12ರ ನಡುವೆ ಕೊಟ್ಟು ತೆಗೆದುಕೊಳ್ಳುವ ಲೆಕ್ಕಾಚಾರ ಬರುತ್ತದೆ. ಲೆಕ್ಕ ತಪ್ಪಿದರೆ ಸ್ನೇಹವೂ ಮುರಿಯುತ್ತದೆ. ನಾಲ್ಕನೆಯ ಹಂತದಲ್ಲಿ ಗುಟ್ಟುಗಳನ್ನು ಹಂಚಿಕೊಳ್ಳುವ ಆಪ್ತತೆ ಮೂಡುತ್ತದೆ. ಆಪ್ತರು ಇನ್ನೊಬ್ಬರೊಡನೆ ಬೆರೆತರೆ ದ್ರೋಹವಾದಂತೆ ಅನಿಸುವುದೂ ಆಗಲೇ. ಸ್ನೇಹಿತರಿಗೆ ಬೇರೆ ಸ್ನೇಹಗಳೂ ಇರಬಹುದೆಂದು ಒಪ್ಪುವ ಪಕ್ವತೆ ಕೊನೆಯ ಹಂತದ್ದು. ವಯಸ್ಸಿನ ಈ ಗಡಿಗಳು ಕಟ್ಟುನಿಟ್ಟಾದವಲ್ಲ. ಒಂದು ಹಂತ ಇನ್ನೊಂದರೊಳಗೆ ಬೆರೆತಿರುತ್ತದೆ.

ಪಾಲಕರು ಗಮನಿಸಬೇಕಾದುದು ಇಲ್ಲಿಯೇ. 'ಹೋಗಲಿ ಬಿಡು, ಬೇರೆಯವರು ಸಿಗುತ್ತಾರೆ' ಎಂಬ ಸಮಾಧಾನ ಐದರ ಮಗುವಿಗೆ ಸಾಕಾಗಬಹುದು. ಹದಿಮೂರರ ಮಗು ಕಳೆದುಕೊಂಡಿರುವುದು ಆಟದ ಜೊತೆಯನ್ನಲ್ಲ, ತನ್ನ ಗುಟ್ಟುಗಳನ್ನು ಬಲ್ಲ ಜೀವವನ್ನು. ಅದಕ್ಕೆ ಬೇಕಾದುದು ಉಪದೇಶವಲ್ಲ, ಕೇಳಿಸಿಕೊಳ್ಳುವ ಕಿವಿ.