ಗೆರೆಗೆ ಗೆರೆ ಕೂಡಿದರೆ

ಮಕ್ಕಳೇ, ನಿಮ್ಮ ಹಳೆಯ ವಹಿಯ ಕೊನೆಯ ಪುಟವನ್ನು ಒಮ್ಮೆ ತೆರೆದು ನೋಡಿರಿ. ಅಲ್ಲಿ ಏನಿದೆ? ಸುರುಳಿ ಇರಬಹುದು. ಚೌಕದೊಳಗೆ ಚೌಕ ಇರಬಹುದು. ಚುಕ್ಕೆಗಳ ಸಾಲು ಇರಬಹುದು. ಇವನ್ನು ಬರೆಯಲು ನಿಮಗೆ ಯಾರೂ ಕಲಿಸಿಲ್ಲ. ಕೈಯಲ್ಲಿ ಪೆನ್ನಿತ್ತು, ಎದುರಿಗೆ ಕಾಗದವಿತ್ತು, ಕೈ ತಾನಾಗಿಯೇ ಗೆರೆ ಎಳೆಯಿತು. ಇಂತಹ ಸಣ್ಣ ಗೆರೆಗಳನ್ನೇ ನಿಧಾನವಾಗಿ, ಕ್ರಮವಾಗಿ ಬರೆಯುತ್ತ ಹೋದರೆ ಅದೊಂದು ಒಳ್ಳೆಯ ಹವ್ಯಾಸವಾಗುತ್ತದೆ. ದಣಿದ ಮನಸ್ಸಿಗೆ ವಿಶ್ರಾಂತಿಯೂ ಸಿಗುತ್ತದೆ.

ಹರಿದ ಕಾಗದ

ನನ್ನ ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಓದಿನಲ್ಲಿ ಜಾಣ. ಆದರೆ ಚಿತ್ರಕಲೆಯ ತಾಸು ಬಂದರೆ ಅವನ ಮುಖ ಬಾಡುತ್ತಿತ್ತು. ಒಂದು ಗೆರೆ ಎಳೆಯುವನು, ರಬ್ಬರಿನಿಂದ ಅಳಿಸುವನು. ಮತ್ತೆ ಎಳೆಯುವನು, ಮತ್ತೆ ಅಳಿಸುವನು. ಒಂದು ದಿನ ಅಳಿಸಿ ಅಳಿಸಿ ಕಾಗದವೇ ಹರಿಯಿತು. ಅವನು ತಲೆ ತಗ್ಗಿಸಿ, "ಗುರೂಜಿ, ನನಗ ಚಿತ್ರ ಬರೂದಿಲ್ರಿ" ಎಂದ. ಅವನ ಕಣ್ಣಲ್ಲಿ ನೀರಿತ್ತು.

ನಾನು ಅವನ ರಬ್ಬರನ್ನು ತೆಗೆದು ಮೇಜಿನ ಮೇಲಿಟ್ಟೆ. ಒಂದು ಸಣ್ಣ ಕಾಗದವನ್ನೂ ಕಪ್ಪು ಶಾಯಿಯ ಪೆನ್ನನ್ನೂ ಕೊಟ್ಟೆ. "ಆನೆ ಬೇಡ, ಕುದುರೆ ಬೇಡ. ಬರೀ ಗೆರೆ ಎಳೆ. ಆದರೆ ಅಳಿಸುವ ಹಾಗಿಲ್ಲ" ಎಂದೆ. ಅವನು ಅಂಜುತ್ತಲೇ ಕಾಗದ ಹಿಡಿದು ಮನೆಗೆ ಹೋದ. ಮುಂದೇನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಈ ಗೆರೆಗಳ ವಿಷಯ ತಿಳಿಯೋಣ.

ಹೆಸರು ಬಂದ ಬಗೆ

ಅಮೆರಿಕದ ಕಲಾವಿದೆ ಮರಿಯಾ ಥಾಮಸ್ ಅಂದವಾದ ಅಕ್ಷರಗಳನ್ನು ಬರೆಯುವುದರಲ್ಲಿ ನಿಪುಣರು. ಒಮ್ಮೆ ಅವರು ಒಂದು ದೊಡ್ಡ ಅಕ್ಷರದ ಹಿಂಬದಿಯ ಜಾಗದಲ್ಲಿ ಒಂದೇ ಬಗೆಯ ಸಣ್ಣ ಆಕಾರಗಳನ್ನು ಮತ್ತೆ ಮತ್ತೆ ಬರೆಯುತ್ತಿದ್ದರು. ಹೊತ್ತು ಹೋದದ್ದೇ ಅವರಿಗೆ ತಿಳಿಯಲಿಲ್ಲ. ಮನಸ್ಸು ಹಗುರವಾಗಿತ್ತು. ಈ ಅನುಭವವನ್ನು ರಿಕ್ ರಾಬರ್ಟ್ಸ್ ಅವರಿಗೆ ಹೇಳಿದಾಗ, ಧ್ಯಾನವನ್ನು ಬಲ್ಲ ಅವರು ಇದೂ ಒಂದು ಧ್ಯಾನವೇ ಎಂದರು. ಇಬ್ಬರೂ ಸೇರಿ, ಯಾರು ಬೇಕಾದರೂ ಕಲಿಯಬಹುದಾದ ಸುಲಭ ಕ್ರಮವೊಂದನ್ನು 2000ರ ದಶಕದಲ್ಲಿ ರೂಪಿಸಿದರು. ಅದಕ್ಕೆ 'ಝೆನ್‌ಟ್ಯಾಂಗಲ್' ಎಂದು ಹೆಸರಿಟ್ಟರು.

ಈ ಹೆಸರಿನಲ್ಲಿ ನಮಗೆ ಪರಿಚಯದ ಪದವೊಂದು ಅಡಗಿದೆ. ನಮ್ಮ 'ಧ್ಯಾನ' ಎಂಬ ಪದ ಬೌದ್ಧ ಧರ್ಮದೊಡನೆ ಚೀನಾ ದೇಶಕ್ಕೆ ಹೋಗಿ 'ಚಾನ್' ಆಯಿತು. ಅಲ್ಲಿಂದ ಜಪಾನಿಗೆ ಹೋಗಿ 'ಝೆನ್' ಆಯಿತು. 'ಟ್ಯಾಂಗಲ್' ಎಂದರೆ ಸಿಕ್ಕು. ದಾರ ಸಿಕ್ಕಾಗುತ್ತದೆಯಲ್ಲವೇ, ಅದೇ ಸಿಕ್ಕು.

ಹೆಸರು ಹೊಸದಾದರೂ ಕೆಲಸ ನಮಗೆ ಹೊಸದಲ್ಲ. ಅಂಗಳ ಸಾರಿಸಿ ಅವ್ವ ಹಾಕುವ ಚುಕ್ಕೆ ರಂಗೋಲಿಯನ್ನು ನೆನೆಯಿರಿ. ತಮಿಳುನಾಡಿನಲ್ಲಿ ಚುಕ್ಕೆಗಳನ್ನು ಬಳಸುತ್ತ ಗೆರೆ ಸುತ್ತುವ ರಂಗೋಲಿಗೆ 'ಸಿಕ್ಕು ಕೋಲಂ' ಎಂದೇ ಹೆಸರು. ಮಧ್ಯಾಹ್ನದ ಹೊತ್ತು ಕೌದಿ ಹೊಲಿಯುವ ಅಜ್ಜಿಯನ್ನು ನೋಡಿರಿ. ಹೊಲಿಗೆಯ ಪಕ್ಕ ಹೊಲಿಗೆ, ಸಾಲಿನ ಪಕ್ಕ ಸಾಲು. ಸೂಜಿ ಅವಸರ ಮಾಡುವುದಿಲ್ಲ. ಅಜ್ಜಿಯ ಮುಖವೂ ಶಾಂತವಾಗಿರುತ್ತದೆ.

ಬರೆಯುವ ಕ್ರಮ

ಇದಕ್ಕೆ ಹೆಚ್ಚು ಸಾಮಾನು ಬೇಡ. ಒಂದು ದಪ್ಪ ಕಾಗದ, ಒಂದು ಪೆನ್ಸಿಲ್, ಒಂದು ಕಪ್ಪು ಪೆನ್ನು ಸಾಕು. ಪಟ್ಟಿ ಬೇಡ, ರಬ್ಬರ್ ಬೇಡ. ಕಾಗದವನ್ನು ಪ್ರತಿ ಬದಿ 9 ಸೆಂಟಿಮೀಟರ್ ಇರುವಂತೆ ಚೌಕವಾಗಿ ಕತ್ತರಿಸಿಕೊಳ್ಳಿರಿ. ಕಾಗದ ಸಣ್ಣದಾದರೆ ಒಮ್ಮೆ ಕುಳಿತಾಗಲೇ ಕೆಲಸ ಮುಗಿಯುತ್ತದೆ.

1. ಕಾಗದದ ನಾಲ್ಕು ಮೂಲೆಗಳ ಹತ್ತಿರ ಪೆನ್ಸಿಲಿನಿಂದ ಒಂದೊಂದು ಚುಕ್ಕೆ ಇಡಿರಿ.

2. ಆ ಚುಕ್ಕೆಗಳನ್ನು ಗೆರೆಯಿಂದ ಕೂಡಿಸಿರಿ. ಗೆರೆ ಸ್ವಲ್ಪ ಡೊಂಕಾದರೂ ಚಿಂತೆಯಿಲ್ಲ. ಈಗ ಅಂಚು ಸಿದ್ಧವಾಯಿತು.

3. ಅಂಚಿನೊಳಗೆ ದಾರ ಬಿದ್ದಂತೆ ಪೆನ್ಸಿಲಿನಿಂದ ಒಂದು ಬಳುಕು ಗೆರೆ ಎಳೆಯಿರಿ. ಅದು ತನ್ನನ್ನು ತಾನೇ ದಾಟಲಿ. ಆಗ ಜಾಗವು ನಾಲ್ಕೈದು ಭಾಗಗಳಾಗುತ್ತದೆ.

4. ಈಗ ಪೆನ್ನು ಹಿಡಿಯಿರಿ. ಒಂದೊಂದು ಭಾಗದಲ್ಲಿ ಒಂದೊಂದು ಬಗೆಯ ಮಾದರಿ ತುಂಬಿರಿ. ಚುಕ್ಕೆ, ನೇರ ಗೆರೆ, ಅರ್ಧಚಂದ್ರ, ಹಾವಿನಂತೆ ಬಳುಕುವ ಗೆರೆ, ಸೊನ್ನೆ: ಈ ಐದು ಬಂದರೆ ಸಾಕು. ಎಲ್ಲ ಮಾದರಿಗಳೂ ಇವುಗಳಿಂದಲೇ ಆಗುತ್ತವೆ.

5. ಕೆಲವೆಡೆ ಪೆನ್ಸಿಲಿನಿಂದ ತಿಕ್ಕಿ ನೆರಳು ಕೊಡಿರಿ. ಚಪ್ಪಟೆ ಆಕಾರವು ಉಬ್ಬಿದಂತೆ ಕಾಣುತ್ತದೆ.

6. ಕಾಗದವನ್ನು ದೂರ ಹಿಡಿದು, ತಿರುಗಿಸಿ ತಿರುಗಿಸಿ ನೋಡಿರಿ. ಇದಕ್ಕೆ ಮೇಲು, ಕೆಳಗು ಎಂಬುದಿಲ್ಲ. ಮೂಲೆಯಲ್ಲಿ ನಿಮ್ಮ ಹೆಸರು, ದಿನಾಂಕ ಬರೆಯಿರಿ.

ಮಾದರಿಗಳು ಎಲ್ಲಿವೆ?

ಮಾದರಿಗಳಿಗಾಗಿ ದೂರ ಹೋಗಬೇಕಿಲ್ಲ. ಮನೆಯ ಮಾಳಿಗೆಯ ಹಂಚುಗಳನ್ನು ನೋಡಿರಿ, ಅರ್ಧಚಂದ್ರಗಳ ಸಾಲು ಸಿಗುತ್ತದೆ. ಬಿತ್ತಿದ ಹೊಲದಲ್ಲಿ ಗೆರೆಗಳ ಸಾಲಿದೆ. ಜೋಳದ ತೆನೆಯಲ್ಲಿ ಸೊನ್ನೆಗಳ ರಾಶಿಯಿದೆ. ಮೊರದಲ್ಲಿ ಹೆಣಿಗೆಯಿದೆ. ಅವ್ವನ ಇಳಕಲ್ ಸೀರೆಯ ಸೆರಗಿನಲ್ಲಿ ತೆನೆ, ಕೋಟೆ, ಹಣಿಗೆಯಂತಹ ಮಾದರಿಗಳಿವೆ. ಕಣ್ಣು ತೆರೆದು ನೋಡುವವನಿಗೆ ಮಾದರಿಗಳ ಬರವಿಲ್ಲ.

ಮನಸ್ಸು ಏಕೆ ಶಾಂತವಾಗುತ್ತದೆ?

ಒಂದು ಗೆರೆ ಎಳೆಯುವಾಗ ಕಣ್ಣು ಅದರ ಮೇಲೆಯೇ ಇರುತ್ತದೆ. ಕೈ ಅದರ ಹಿಂದೆಯೇ ಹೋಗುತ್ತದೆ. ಅದು ಮುಗಿದ ಮೇಲೆ ಪಕ್ಕದ ಗೆರೆ. ನಾಳೆಯ ಪರೀಕ್ಷೆ, ನಿನ್ನೆಯ ಜಗಳ ಇವುಗಳ ಕಡೆ ಓಡಲು ಮನಸ್ಸಿಗೆ ಬಿಡುವು ಕಡಿಮೆ. ಉಸಿರಾಟವೂ ನಿಧಾನವಾಗುತ್ತದೆ.

ಇದಕ್ಕೆ ಹತ್ತಿರದ ಒಂದು ಪ್ರಯೋಗದ ವಿವರ 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದರಲ್ಲಿ 84 ಕಾಲೇಜು ವಿದ್ಯಾರ್ಥಿಗಳು ಭಾಗವಹಿಸಿದ್ದರು. ಅವರಿಗೆ ಮೊದಲು ತಮಗೆ ಭಯವಾದ ಒಂದು ಸಂದರ್ಭವನ್ನು ನೆನೆದು ಬರೆಯಲು ಹೇಳಿದರು. ಬಳಿಕ ಕೆಲವರು ದುಂಡನೆಯ ಮಂಡಲದಲ್ಲಿ, ಕೆಲವರು ಚೌಕಳಿಯ ಮಾದರಿಯಲ್ಲಿ ಬಣ್ಣ ತುಂಬಿದರು. ಉಳಿದವರಿಗೆ ಖಾಲಿ ಕಾಗದ ಕೊಟ್ಟರು. ಮಾದರಿ ಇದ್ದವರ ಆತಂಕ ಇಳಿಯಿತು. ಖಾಲಿ ಕಾಗದದವರಲ್ಲಿ ಅಷ್ಟು ಇಳಿಯಲಿಲ್ಲ. ಬಣ್ಣ ತುಂಬುವುದೂ ಗೆರೆ ಎಳೆಯುವುದೂ ಒಂದೇ ಅಲ್ಲ, ನಿಜ. ಆದರೆ ಖಾಲಿ ಕಾಗದ ಕಂಡು ಅಂಜುವವನಿಗೆ ಒಂದು ಕ್ರಮ ಸಿಕ್ಕರೆ ಧೈರ್ಯ ಬರುತ್ತದೆ ಎಂಬುದನ್ನು ನಾನು ತರಗತಿಯಲ್ಲಿಯೂ ಕಂಡಿದ್ದೇನೆ.

ಆದರೂ ಒಂದು ಮಾತು. ಇದು ಔಷಧವಲ್ಲ. ಮನಸ್ಸಿನಲ್ಲಿ ದೊಡ್ಡ ದುಃಖವಿದ್ದರೆ ಅವ್ವ, ಅಪ್ಪ ಅಥವಾ ಗುರುಗಳ ಮುಂದೆ ಹೇಳಿಕೊಳ್ಳಬೇಕು.

ತಪ್ಪಿದ ಗೆರೆ

ಪೆನ್ನಿನ ಗೆರೆ ಅಳಿಸಿ ಹೋಗುವುದಿಲ್ಲ. ಹಾಗಾದರೆ ತಪ್ಪಿದಾಗ ಏನು ಮಾಡಬೇಕು? ಆ ತಪ್ಪಿದ ಗೆರೆಯ ಪಕ್ಕದಲ್ಲಿ ಅಂತಹದೇ ಇನ್ನೊಂದು ಗೆರೆ ಎಳೆಯಿರಿ. ಅದರ ಪಕ್ಕ ಮತ್ತೊಂದು. ಒಂದು ಗೆರೆ ಡೊಂಕಾದರೆ ತಪ್ಪು ಎನ್ನುತ್ತಾರೆ. ಹತ್ತು ಗೆರೆಗಳು ಒಂದೇ ರೀತಿ ಡೊಂಕಾದರೆ ಅದು ಹೊಸ ಮಾದರಿಯಾಗುತ್ತದೆ!

ಈಗ ಆ ಹುಡುಗನ ವಿಷಯ ಹೇಳುತ್ತೇನೆ. ಮರುದಿನ ಪ್ರಾರ್ಥನೆ ಮುಗಿಯುತ್ತಲೇ ಅವನು ನನ್ನ ಬಳಿಗೆ ಓಡಿ ಬಂದ. ಕೈಯಲ್ಲಿ ಅದೇ ಸಣ್ಣ ಕಾಗದ. ತುಂಬ ಗೆರೆಗಳು, ಅಲೆಗಳು, ಸೊನ್ನೆಗಳು. "ಗುರೂಜಿ, ಇದರಾಗ ಒಂದು ಗೆರಿ ತಪ್ಪೇತ್ರಿ. ಯಾವುದು ಅಂತ ಹೇಳ್ರಿ ನೋಡೂಣು" ಎಂದ. ನಾನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಹುಡುಕಿದೆ. ನನಗೆ ಸಿಗಲಿಲ್ಲ. ಅವನು ನಕ್ಕ. ಅವನ ರಬ್ಬರ್ ಇನ್ನೂ ನನ್ನ ಮೇಜಿನ ಮೇಲೆಯೇ ಇತ್ತು. ಅದನ್ನು ಅವನು ಕೇಳಲಿಲ್ಲ.

ಪದಗಳ ಅರ್ಥ

ಹವ್ಯಾಸ – ಬಿಡುವಿನಲ್ಲಿ ಪ್ರೀತಿಯಿಂದ ಮಾಡುವ ಕೆಲಸ
ನಿಪುಣ – ಚೆನ್ನಾಗಿ ಬಲ್ಲವ
ಹಣಿಗೆ – ಬಾಚಣಿಗೆ
ಆತಂಕ – ಕಳವಳ

ಅಭ್ಯಾಸ

1. 'ಝೆನ್' ಎಂಬ ಪದ ಹೇಗೆ ಬಂದಿತು?
2. ಗೆರೆ ತಪ್ಪಿದಾಗ ಏನು ಮಾಡಬೇಕು?
3. ಹುಡುಗನು ತನ್ನ ರಬ್ಬರನ್ನು ಏಕೆ ಕೇಳಲಿಲ್ಲ? ಯೋಚಿಸಿ ಹೇಳಿರಿ.
4. ನಿಮ್ಮ ಮನೆಯಲ್ಲಿ ಕಾಣುವ ಮೂರು ಮಾದರಿಗಳನ್ನು ಹುಡುಕಿ, ವಹಿಯಲ್ಲಿ ಪೆನ್ನಿನಿಂದ ಬರೆಯಿರಿ.